ತಪ್ಪಿದ ಗುರಿಯೂ ಪರೀಕ್ಷೆಯ ಭಾಗ: 2004ರ ಬೋಸ್ಟನ್ ಪ್ರಕರಣದ ಅಧ್ಯಯನ

2004ರ ಅಕ್ಟೋಬರ್ 20ರ ರಾತ್ರಿ ಬೋಸ್ಟನ್ನಿನ ಬೇಸ್‌ಬಾಲ್ ತಂಡವಾದ ರೆಡ್ ಸಾಕ್ಸ್, ನ್ಯೂಯಾರ್ಕಿನಲ್ಲಿ ನಡೆದ ನಿರ್ಣಾಯಕ ಪಂದ್ಯದಲ್ಲಿ ಯಾಂಕೀಸ್ ತಂಡವನ್ನು 10–3ರಿಂದ ಸೋಲಿಸಿತು. ಸರಣಿಯ ಮೊದಲ ಮೂರು ಪಂದ್ಯಗಳನ್ನು ಸೋತಿದ್ದ ತಂಡ ಉಳಿದ ನಾಲ್ಕನ್ನೂ ಗೆದ್ದು ಬಂದಿತ್ತು. ಸುದ್ದಿ ತಲುಪುತ್ತಲೇ ಹತ್ತಾರು ಸಾವಿರ ಜನ, ಅವರಲ್ಲಿ ಬಹುಪಾಲು ವಿದ್ಯಾರ್ಥಿಗಳು, ಫೆನ್‌ವೇ ಪಾರ್ಕ್ ಕ್ರೀಡಾಂಗಣದ ಸುತ್ತಲಿನ ಬೀದಿಗಳಿಗೆ ಹರಿದು ಬಂದರು. ಮಧ್ಯರಾತ್ರಿ ದಾಟಿದ ಮೇಲೆ ಕ್ರೀಡಾಂಗಣದ ಹಿಂಬದಿಯ ಲ್ಯಾನ್ಸ್‌ಡೌನ್ ಬೀದಿಯಲ್ಲಿ ಕೆಲವರು ಬಾಟಲಿಗಳನ್ನು ಎಸೆಯತೊಡಗಿದರು, ಕೆಲವರು ಉಕ್ಕಿನ ತೊಲೆಗಳನ್ನು ಹಿಡಿದು ಮೇಲಕ್ಕೆ ಹತ್ತಿದರು. ಪೊಲೀಸರು ಎಫ್‌ಎನ್ 303 ಎಂಬ ‘ಕಡಿಮೆ ಮಾರಕ’ ಆಯುಧವನ್ನು ಹೊರತೆಗೆದರು. ಬಾಟಲಿ ಎಸೆಯುತ್ತಿದ್ದಾನೆಂದು ಕಂಡ ಒಬ್ಬನತ್ತ ಅಧಿಕಾರಿಯೊಬ್ಬರು ಹಾರಿಸಿದ ಗುಂಡು ಅವನಿಗೆ ತಗುಲದೆ ಅಲ್ಲೇ ನಿಂತಿದ್ದ 21 ವರ್ಷದ ಕಾಲೇಜು ವಿದ್ಯಾರ್ಥಿನಿಯ ಕಣ್ಣಿಗೆ ಬಿತ್ತು, ಕಣ್ಣಿನ ಗೂಡನ್ನು ದಾಟಿ ಮೆದುಳನ್ನು ಹೊಕ್ಕಿತು. ಕೆಲವು ಗಂಟೆಗಳ ನಂತರ ಆಕೆ ಆಸ್ಪತ್ರೆಯಲ್ಲಿ ತೀರಿಕೊಂಡಳು.

ಅದೇ ರಾತ್ರಿ ಅದೇ ಬಗೆಯ ಗುಂಡು ಇನ್ನಿಬ್ಬರ ಮುಖಕ್ಕೂ ತಗುಲಿತ್ತು. ಒಬ್ಬನಿಗೆ ಹಣೆಗೆ, ಇನ್ನೊಬ್ಬನಿಗೆ ಕೆನ್ನೆಗೆ. ಮುಖ, ಕುತ್ತಿಗೆ, ಗಂಟಲಿನತ್ತ ಹಾರಿಸಕೂಡದು ಎಂದು ತಯಾರಕರೇ ಎಚ್ಚರಿಕೆ ಕೊಟ್ಟಿದ್ದ ಆಯುಧದಿಂದ ಒಂದೇ ರಾತ್ರಿ ಮೂವರ ಮುಖಕ್ಕೆ ಪೆಟ್ಟು ಬಿದ್ದಿದೆ ಎಂದರೆ ಅದನ್ನು ಒಬ್ಬ ಅಧಿಕಾರಿಯ ಕೈತಪ್ಪು ಎಂದು ಮುಚ್ಚಿಹಾಕಲಾಗದು. ಈ ಪ್ರಕರಣವನ್ನು ನಾನು ಸುರಕ್ಷತಾ ಪರೀಕ್ಷೆಯ ದೃಷ್ಟಿಯಿಂದ ನೋಡಲು ಹೊರಟಿರುವುದು ಈ ಕಾರಣಕ್ಕಾಗಿಯೇ. ಗುಂಡು ತಗುಲಬೇಕಾದ ಜಾಗಕ್ಕೆ ತಗುಲಿದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಪರೀಕ್ಷೆಗಳಿವೆ. ಗುಂಡು ನಿಜವಾಗಿ ಎಲ್ಲಿಗೆ ಹೋಗಿ ತಗುಲುತ್ತದೆ ಎಂಬ ಪ್ರಶ್ನೆಯನ್ನು ಮಾತ್ರ ಹೆಚ್ಚಿನವರು ಪರೀಕ್ಷಾಲಯದ ಬಾಗಿಲಲ್ಲೇ ಬಿಟ್ಟು, ಉತ್ತರಿಸುವ ಹೊಣೆಯನ್ನು ತರಬೇತಿಯ ಮೇಲೆ ಹೊರಿಸುತ್ತಾರೆ.

ಆಯುಧ

ಎಫ್‌ಎನ್ 303 ಬೆಲ್ಜಿಯಂನ ಎಫ್‌ಎನ್ ಹರ್ಸ್ಟಾಲ್ ಕಂಪನಿಯ ತಯಾರಿಕೆ. ಬೋಸ್ಟನ್ ಪೊಲೀಸರು ಇದನ್ನು ಕೊಂಡದ್ದು 2004ರ ಜುಲೈಯಲ್ಲಿ ನಗರದಲ್ಲಿ ನಡೆಯಲಿದ್ದ ಡೆಮಾಕ್ರಟಿಕ್ ಪಕ್ಷದ ರಾಷ್ಟ್ರೀಯ ಸಮಾವೇಶದ ಬಂದೋಬಸ್ತಿಗೆಂದು. ಸಮಾವೇಶ ಮುಗಿಯಿತು, ಆಯುಧಗಳು ಇಲಾಖೆಯಲ್ಲೇ ಉಳಿದವು. ಅದೇ ವರ್ಷದ ಫೆಬ್ರವರಿಯಲ್ಲಿ ಅಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡದ ಸೂಪರ್ ಬೌಲ್ ಗೆಲುವಿನ ಸಂಭ್ರಮ ಹದ್ದುಮೀರಿ ಒಬ್ಬ ಯುವಕ ವಾಹನಕ್ಕೆ ಸಿಕ್ಕಿ ಸತ್ತಿದ್ದ, ಪೊಲೀಸರು ಸರಿಯಾಗಿ ಸಜ್ಜಾಗಿರಲಿಲ್ಲ ಎಂಬ ಟೀಕೆ ಬಂದಿತ್ತು. ಅಕ್ಟೋಬರಿನ ರಾತ್ರಿ ಈ ಆಯುಧ ಬೀದಿಗೆ ಬಂದದ್ದರ ಹಿಂದೆ ಆ ಟೀಕೆಯ ನೆನಪೂ ಇತ್ತು ಎಂದು ನನಗನ್ನಿಸುತ್ತದೆ.

ಇದು ಒತ್ತಿ ತುಂಬಿದ ಗಾಳಿಯಿಂದ ಕೆಲಸ ಮಾಡುವ ಲಾಂಚರ್. ದುಂಡನೆಯ ಮ್ಯಾಗಜಿನ್‌ನಲ್ಲಿ 15 ಗುಂಡುಗಳಿರುತ್ತವೆ. ಗುಂಡನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದರೆ ಮಕ್ಕಳ ಆಟಿಕೆ ಎನ್ನಬೇಕು: ಪ್ಲಾಸ್ಟಿಕ್ಕಿನ ಪುಟ್ಟ ಕವಚ, ಮುಂದೆ ದುಂಡು ಮೂತಿ, ಹಿಂದೆ ಗಾಳಿಯಲ್ಲಿ ಓಲಾಡದಂತೆ ಹಿಡಿದಿಡುವ ರೆಕ್ಕೆಗಳು. ಒಳಗೆ ಬಣ್ಣವನ್ನೋ ಮೆಣಸಿನ ಖಾರದ ಸಾರವನ್ನೋ ತುಂಬಿರುತ್ತಾರೆ. ಬೋಸ್ಟನ್ನಿನಲ್ಲಿ ಬಳಸಿದ್ದು ಖಾರದ ಗುಂಡು. ಮೂತಿಯ ಭಾಗದಲ್ಲಿ ಬಿಸ್ಮತ್ ಲೋಹದ ಕಾಳುಗಳಿರುತ್ತವೆ. ಗುಂಡು ದೂರದವರೆಗೂ ನೇರವಾಗಿ ಹೋಗಲು ಬೇಕಾದ ತೂಕವನ್ನು ಕೊಡುವುದು ಈ ಕಾಳುಗಳು. ಮೈಗೆ ಬಡಿದೊಡನೆ ಕವಚ ಒಡೆದು ಚೂರಾಗಬೇಕು, ಶಕ್ತಿ ಹರಡಿ ಹೋಗಬೇಕು, ಒಳಗಿನ ದ್ರವ ಚಿಮ್ಮಬೇಕು ಎಂಬುದು ವಿನ್ಯಾಸದ ಆಶಯ.

ಬಣ್ಣದ ಗುಂಡುಗಳ ಪೇಂಟ್‌ಬಾಲ್ ಆಟವನ್ನು ಇದರ ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ಎರಡರ ಗುಂಡಿನ ಅಡ್ಡಳತೆಯೂ ಸುಮಾರು 17 ಮಿಲಿಮೀಟರ್. ವೇಗವೂ ಹತ್ತಿರಹತ್ತಿರ ಒಂದೇ, ಸೆಕೆಂಡಿಗೆ 85ರಿಂದ 90 ಮೀಟರ್. ಆದರೆ ಆಟದ ಗುಂಡಿನ ತೂಕ ಸುಮಾರು 3 ಗ್ರಾಂ, ಎಫ್‌ಎನ್ 303ರದ್ದು 8.5 ಗ್ರಾಂ. ಆದ್ದರಿಂದ ನಳಿಗೆಯಿಂದ ಹೊರಬೀಳುವಾಗ ಮೊದಲನೆಯದರ ಶಕ್ತಿ 12 ಜೌಲ್ ಆಸುಪಾಸಿನಲ್ಲಿದ್ದರೆ ಎರಡನೆಯದರ ಶಕ್ತಿ 30 ಜೌಲ್ ಮೀರುತ್ತದೆ. ಆಟಗಾರರು ಆ 12 ಜೌಲ್ ಎದುರಿಸುವಾಗಲೂ ಕಣ್ಣಿಗೆ, ಮುಖಕ್ಕೆ ಗಟ್ಟಿ ರಕ್ಷಾಕವಚ ಧರಿಸಲೇಬೇಕೆಂಬ ನಿಯಮವಿದೆ. ಲ್ಯಾನ್ಸ್‌ಡೌನ್ ಬೀದಿಯಲ್ಲಿ ನಿಂತವರ ಮುಖಕ್ಕೆ ಯಾವ ಕವಚವೂ ಇರಲಿಲ್ಲ.

ಅಂಕಿಗಳು ಹೇಳುವುದೇನು, ಹೇಳದಿರುವುದೇನು

ಇಂಥ ಗುಂಡುಗಳನ್ನು ಅಳೆಯುವವರು ಒಟ್ಟು ಶಕ್ತಿಗಿಂತ ಒಂದು ಚದರ ಸೆಂಟಿಮೀಟರಿಗೆ ಎಷ್ಟು ಶಕ್ತಿ ಬೀಳುತ್ತದೆ ಎಂಬುದನ್ನು ಹೆಚ್ಚು ನೆಚ್ಚುತ್ತಾರೆ. ಅಗಲವಾದ ಅಂಗೈಯ ಹೊಡೆತಕ್ಕೂ ಬೆರಳ ತುದಿಯ ತಿವಿತಕ್ಕೂ ಇರುವ ವ್ಯತ್ಯಾಸ ಇದು. 8.5 ಗ್ರಾಂ ಗುಂಡು ಸೆಕೆಂಡಿಗೆ 85 ಮೀಟರ್ ವೇಗದಲ್ಲಿ ಹೊರಟರೆ, ಅದರ ಅಡ್ಡಕೊಯ್ತದ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 13 ಜೌಲ್ ಬೀಳುತ್ತದೆ.

ಈಗ ಇದನ್ನು ದೇಹದ ಮೇಲೆ ಇಟ್ಟು ನೋಡಬೇಕು. ಗುಂಡು ಚರ್ಮವನ್ನು ಹರಿದು ಒಳಹೋಗುತ್ತದೆಯೇ ಎಂದು ನೋಡಲು ಪರೀಕ್ಷಾಲಯದಲ್ಲಿ ಗಟ್ಟಿಗೊಳಿಸಿದ ಜೆಲಟಿನ್ ಗಡ್ಡೆಯ ಮೇಲೆ ಫೋಮ್ ಹಾಳೆ ಹಾಸಿ, ಅದರ ಮೇಲೆ ಹದ ಮಾಡಿದ ಮೆತ್ತನೆಯ ತೊಗಲನ್ನು ಹೊದಿಸಿ ಗುಂಡು ಹಾರಿಸುತ್ತಾರೆ. ತೊಗಲು ಹರಿದಿದೆಯೇ, ಬರೀ ಗುರುತು ಬಿದ್ದಿದೆಯೇ ಎಂದು ಬಿಚ್ಚಿ ನೋಡುತ್ತಾರೆ. ಮೃತದೇಹಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಎದೆಯ ಮುಂಭಾಗದ ಪಕ್ಕೆಲುಬಿನ ಮೇಲಿನ ಚರ್ಮ ಹರಿಯುವ ಸಂಭವ ಅರ್ಧಕ್ಕರ್ಧ ಆಗುವುದು ಚದರ ಸೆಂಟಿಮೀಟರಿಗೆ ಸುಮಾರು 24 ಜೌಲ್ ಬಿದ್ದಾಗ. 13 ಜೌಲ್ ಅದಕ್ಕಿಂತ ಎಷ್ಟೋ ಕೆಳಗಿದೆ. ಎದೆಯನ್ನಷ್ಟೇ ನೋಡುವ ಪರೀಕ್ಷಕನೊಬ್ಬ ಈ ಗುಂಡನ್ನು ಪಾಸು ಮಾಡಿ ಸಹಿ ಹಾಕಿದರೆ ಅವನು ಸುಳ್ಳು ಹೇಳಿದಂತಾಗುವುದಿಲ್ಲ.

ಆದರೆ ಕಣ್ಣುಗುಡ್ಡೆಯ ಲೆಕ್ಕವೇ ಬೇರೆ. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ನಡೆದ ಸಂಶೋಧನೆಗಳು ಕಣ್ಣುಗುಡ್ಡೆ ಒಡೆಯುವ ಸಂಭವ ಅರ್ಧಕ್ಕರ್ಧ ಆಗುವ ಮಿತಿಯನ್ನು ಚದರ ಸೆಂಟಿಮೀಟರಿಗೆ ಸುಮಾರು 3.5 ಜೌಲ್ ಎಂದು ಗುರುತಿಸಿವೆ. ಅಂದರೆ ನಳಿಗೆಯ ತುದಿಯಲ್ಲಿ ಈ ಗುಂಡಿಗಿರುವ ಶಕ್ತಿ ಆ ಮಿತಿಯ ಮೂರೂವರೆ ಪಟ್ಟಿಗೂ ಹೆಚ್ಚು. ಗಾಳಿಯ ತಡೆಯಿಂದ ದಾರಿಯಲ್ಲಿ ಒಂದಷ್ಟು ಕಳೆದುಕೊಂಡರೂ ಉಳಿಯುವುದು ಸಾಕಷ್ಟು. ಕಣ್ಣಿನ ಹಿಂದಿರುವ ಗೂಡಿನ ಮೂಳೆ ಕೆಲವೆಡೆ ಒಂದು ಮಿಲಿಮೀಟರಿಗಿಂತಲೂ ತೆಳು, ಅದರಾಚೆಗೆ ಮೆದುಳು. ತಲೆಬುರುಡೆಯ ಉಳಿದ ಭಾಗ ಕೊಡುವ ರಕ್ಷಣೆ ಅಲ್ಲಿಲ್ಲ. ಒಡೆದು ಚೂರಾಗಬೇಕಾದ ಕವಚಕ್ಕೆ ಎದುರು ನಿಲ್ಲುವ ಗಟ್ಟಿ ಮೇಲ್ಮೈಯೂ ಅಲ್ಲಿಲ್ಲ ಎಂಬುದನ್ನು ಮರೆಯಬಾರದು.

ಹೀಗಾಗಿ ಒಂದೇ ಗುಂಡು, ಒಂದೇ ವೇಗ, ಒಂದೇ ವ್ಯಕ್ತಿ. ಬಿದ್ದ ಜಾಗ ಎರಡು ಗೇಣು ಮೇಲಾದರೆ ‘ಕಡಿಮೆ ಮಾರಕ’ ಎಂಬ ಮಾತಿನ ಅರ್ಥವೇ ಕೆಟ್ಟುಹೋಗುತ್ತದೆ. ಈ ಆಯುಧದ ಸುರಕ್ಷತೆ ಪೂರ್ತಿಯಾಗಿ ಆ ಎರಡು ಗೇಣಿನ ಮೇಲೆ ನಿಂತಿತ್ತು. ಹಾಗಿದ್ದ ಮೇಲೆ ಆ ಎರಡು ಗೇಣನ್ನು ಅದು ಕಾಯ್ದುಕೊಳ್ಳಬಲ್ಲುದೇ ಎಂಬುದು ಎಲ್ಲಕ್ಕಿಂತ ಮೊದಲು ಪರೀಕ್ಷೆಗೆ ಬರಬೇಕಿತ್ತು.

ಎರಡು ಗೇಣಿನ ಲೆಕ್ಕ

ಕಾಗದ, ಪೆನ್ಸಿಲ್ ಇದ್ದರೆ ಯಾರಾದರೂ ಮಾಡಬಹುದಾದ ಲೆಕ್ಕ ಇದು. 30 ಮೀಟರ್ ದೂರದಲ್ಲಿ ನಿಂತವನ ಹೊಟ್ಟೆಗೆ ಗುರಿ ಇಟ್ಟಿದ್ದೇವೆ ಎಂದುಕೊಳ್ಳೋಣ. ನಳಿಗೆ ಒಂದೇ ಒಂದು ಡಿಗ್ರಿ ಮೇಲಕ್ಕೆ ವಾಲಿದರೆ ಗುಂಡು ತಗುಲುವ ಜಾಗ ಸುಮಾರು 52 ಸೆಂಟಿಮೀಟರ್ ಮೇಲಕ್ಕೆ ಹೋಗುತ್ತದೆ. ವಯಸ್ಕರ ಹೊಕ್ಕುಳಿನಿಂದ ಗದ್ದದವರೆಗಿನ ಅಂತರವೂ ಹತ್ತಿರಹತ್ತಿರ ಅಷ್ಟೇ. ಅದೇ ಒಂದು ಡಿಗ್ರಿ ಪಕ್ಕಕ್ಕೆ ವಾಲಿದರೆ 15 ಮೀಟರ್ ದೂರದಲ್ಲೇ ಗುಂಡು 26 ಸೆಂಟಿಮೀಟರ್ ಸರಿದು, ಗುರಿಯಾದವನ ಭುಜದಂಚನ್ನು ದಾಟಿ ಪಕ್ಕದಲ್ಲಿ ನಿಂತವರನ್ನು ಹುಡುಕಿಕೊಂಡು ಹೋಗುತ್ತದೆ.

ಗುಂಡಿನ ವೇಗ ಬಂದೂಕಿನ ಗುಂಡಿಗೆ ಹೋಲಿಸಿದರೆ ತೀರಾ ಕಡಿಮೆ ಎಂಬುದು ಇನ್ನೊಂದು ತೊಡಕನ್ನು ತರುತ್ತದೆ. 30 ಮೀಟರ್ ಕ್ರಮಿಸಲು ಅದಕ್ಕೆ ಸೆಕೆಂಡಿನ ಮೂರನೇ ಒಂದು ಭಾಗಕ್ಕೂ ತುಸು ಹೆಚ್ಚು ಸಮಯ ಬೇಕು. ಸಾಮಾನ್ಯ ನಡಿಗೆಯಲ್ಲಿರುವ ಮನುಷ್ಯ ಅಷ್ಟರಲ್ಲಿ ಅರ್ಧ ಮೀಟರ್ ಸರಿದಿರುತ್ತಾನೆ. ಗುಂಡು ಕೂಡ ಅಷ್ಟರಲ್ಲಿ ಅರ್ಧ ಮೀಟರಿಗೂ ಹೆಚ್ಚು ಕೆಳಗಿಳಿದಿರುತ್ತದೆ. ಅದನ್ನು ಸರಿದೂಗಿಸಲು ಹಾರಿಸುವವರು ನಳಿಗೆಯನ್ನು ಸ್ವಲ್ಪ ಎತ್ತಿಯೇ ಹಿಡಿಯಬೇಕು. ಹಾಗೆ ಎತ್ತಿ ಹಿಡಿದ ಹೊತ್ತಿನಲ್ಲಿ ಯಾರೋ 15 ಮೀಟರ್ ದೂರದಲ್ಲಿ ನಡುವೆ ಬಂದರೆ, ಗಾಳಿಯ ತಡೆಯನ್ನು ಬದಿಗಿಟ್ಟ ಲೆಕ್ಕದಲ್ಲಿ, ಅವರಿಗೆ ಪೆಟ್ಟು ಬೀಳುವುದು ಉದ್ದೇಶಿತ ಎತ್ತರಕ್ಕಿಂತ ಸುಮಾರು 14 ಸೆಂಟಿಮೀಟರ್ ಮೇಲೆ. ನಡುವೆ ಬಂದವರು ಗಿಡ್ಡನೆಯವರಾದರೆ, ಬಗ್ಗಿದ್ದರೆ, ಮಕ್ಕಳಾದರೆ ಆಗುವುದನ್ನು ಬಿಡಿಸಿ ಹೇಳಬೇಕಿಲ್ಲ. ಎತ್ತರದ ಗಂಡಸಿನ ಹೊಟ್ಟೆ ಇರುವ ಎತ್ತರದಲ್ಲಿ ಮಗುವಿನ ತಲೆ ಇರುತ್ತದೆ.

ಇಷ್ಟೆಲ್ಲ ಆಯುಧ ಹೊಸದಾಗಿ, ಶುಚಿಯಾಗಿ, ಹೇಳಿದ ಮಾತು ಕೇಳುವಂತೆ ಇದ್ದಾಗಿನ ಮಾತು. ಘಟನೆಯ ನಂತರ ಆಯುಧವನ್ನು ಪರೀಕ್ಷೆಗೆ ಒಳಪಡಿಸಿದಾಗ, ಸುಮಾರು 300 ಗುಂಡುಗಳನ್ನು ಹಾರಿಸಿದ ಮೇಲೆ ಅದರ ಗುರಿಯ ನಿಖರತೆ ಎದ್ದುಕಾಣುವಷ್ಟು ಕುಸಿಯುತ್ತದೆ ಎಂದು ಗೊತ್ತಾಯಿತು. ಇಡೀ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ ಅಂಶ ಇದು. 300 ಎಂಬುದು ದೊಡ್ಡ ಸಂಖ್ಯೆಯೇನಲ್ಲ; 20 ಮ್ಯಾಗಜಿನ್ ಖಾಲಿಯಾದರೆ ಅಷ್ಟಾಯಿತು. ತರಬೇತಿಯ ಮೈದಾನದಲ್ಲಿ ಒಂದೇ ಲಾಂಚರನ್ನು ಹತ್ತಾರು ಜನ ಕೈಬದಲಿಸಿ ಬಳಸಿದರೆ ಕೆಲವೇ ದಿನಗಳಲ್ಲಿ ಆ ಗಡಿ ದಾಟುತ್ತದೆ. ಅಂದರೆ ಅಧಿಕಾರಿಯ ಕೈ ಪಳಗಿಸುವ ಅಭ್ಯಾಸವೇ ಆಯುಧದ ಗುರಿಯನ್ನು ಕೆಡಿಸುತ್ತಾ ಹೋಗಬಹುದು. ಯಾವ ಲಾಂಚರ್ ಎಷ್ಟು ಗುಂಡು ಹಾರಿಸಿದೆ, ಯಾವಾಗ ಬಿಚ್ಚಿ ಒರೆಸಲಾಗಿದೆ ಎಂಬ ದಾಖಲೆ ಇಲ್ಲದೆ ಹೋದರೆ ಬೀದಿಗಿಳಿದ ಅಧಿಕಾರಿಯ ಕೈಯಲ್ಲಿರುವುದು ಪರೀಕ್ಷೆಯಲ್ಲಿ ಪಾಸಾದ ಆಯುಧವೇ ಅಲ್ಲ. ಇದು ಕೊಳ್ಳುವುದಕ್ಕೆ ಮುಂಚೆಯೇ ತಿಳಿಯಬಹುದಾಗಿದ್ದ ಸಂಗತಿ. ಒಂದು ಲಾಂಚರ್, ಒಂದು ರಟ್ಟಿನ ಗುರಿ, ಐನೂರು ಗುಂಡು, ಒಂದು ದಿನ ಸಾಕಿತ್ತು.

ಸ್ಟರ್ನ್ ಆಯೋಗ

ನಗರದ ಪೊಲೀಸ್ ಆಯುಕ್ತೆ ಸಾವಿನ ಹೊಣೆಯನ್ನು ಇಲಾಖೆಯ ಮೇಲೆ ತೆಗೆದುಕೊಂಡರು, ಸ್ವತಂತ್ರ ಆಯೋಗವೊಂದನ್ನು ರಚಿಸಿದರು. ಮ್ಯಾಸಚೂಸೆಟ್ಸ್‌ನ ಮಾಜಿ ಫೆಡರಲ್ ಪ್ರಾಸಿಕ್ಯೂಟರ್ ಡೊನಾಲ್ಡ್ ಸ್ಟರ್ನ್ ಅದರ ಮುಖ್ಯಸ್ಥರಾಗಿದ್ದರು. 2005ರ ಮೇ ತಿಂಗಳಲ್ಲಿ ಹೊರಬಂದ ವರದಿ ಯೋಜನೆಯ ಲೋಪಗಳನ್ನು, ಆದೇಶ ಕೊಡುವವರ ಗೊಂದಲವನ್ನು, ಆಯುಧ ಹಾರಿಸಿದವರಲ್ಲಿ ಅದರ ತರಬೇತಿಯನ್ನೇ ಪೂರೈಸದವರೂ ಇದ್ದುದನ್ನು ಬಿಚ್ಚಿಟ್ಟಿತು, ಈ ಸಾವನ್ನು ತಪ್ಪಿಸಬಹುದಿತ್ತು ಎಂದು ಹೇಳಿತು. ಸುದ್ದಿಮಾಧ್ಯಮಗಳಲ್ಲಿ ಚರ್ಚೆಯಾದದ್ದು ಬಹುಮಟ್ಟಿಗೆ ಇಷ್ಟೇ.

ವರದಿಯಲ್ಲಿ ಅಷ್ಟೇ ಭಾರವಾದ ಇನ್ನೊಂದು ಮಾತಿತ್ತು. ಅಮೆರಿಕದಲ್ಲಿ ಇಂಥ ಆಯುಧಗಳು ಮಾರುಕಟ್ಟೆಗೆ ಬರುವ ಮುನ್ನ ಪಾಸಾಗಲೇಬೇಕಾದ ರಾಷ್ಟ್ರೀಯ ಸುರಕ್ಷತಾ ಮಾನದಂಡ ಇರಲಿಲ್ಲ, ಪರೀಕ್ಷಿಸಿ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆಯೂ ಇರಲಿಲ್ಲ. ಔಷಧಿಯ ಗುಳಿಗೆಗೆ, ಕಾರಿನ ಬ್ರೇಕಿಗೆ ಇರುವ ಕಟ್ಟುಪಾಡು ಜನರ ಮೇಲೆ ಹಾರಿಸುವ ಗುಂಡಿಗೆ ಇರಲಿಲ್ಲ. ಹೀಗಾಗಿ ಪೊಲೀಸ್ ಇಲಾಖೆಗಳು ತಯಾರಕರು ಕೊಟ್ಟ ಮಾಹಿತಿಯನ್ನೇ ನೆಚ್ಚಿಕೊಂಡು ಖರೀದಿ ಮಾಡುತ್ತಿದ್ದವು. ಸ್ವತಂತ್ರ ಪರೀಕ್ಷೆ, ರಾಷ್ಟ್ರಮಟ್ಟದ ನಿಯಂತ್ರಣ ಬೇಕೆಂದು ಆಯೋಗ ಕೇಳಿತು.

ತಯಾರಕರು ಎಚ್ಚರಿಕೆ ಬರೆದಿದ್ದರಲ್ಲ ಎಂದು ಯಾರಾದರೂ ಕೇಳಬಹುದು. ಬರೆದಿದ್ದರು, ನಿಜ. ಆದರೆ ‘ತಲೆಗೆ ಹಾರಿಸಬೇಡಿ’ ಎಂಬ ವಾಕ್ಯ ಹಾರಿಸುವವರ ಉದ್ದೇಶವನ್ನು ಮಾತ್ರ ತಿದ್ದಬಲ್ಲುದು. ಲ್ಯಾನ್ಸ್‌ಡೌನ್ ಬೀದಿಯಲ್ಲಿ ಆ ವಿದ್ಯಾರ್ಥಿನಿಯ ತಲೆಗೆ ಯಾರೂ ಗುರಿ ಇಟ್ಟಿರಲಿಲ್ಲ, ಆಕೆಯ ದೇಹದ ಯಾವ ಭಾಗಕ್ಕೂ ಇಟ್ಟಿರಲಿಲ್ಲ. ಉದ್ದೇಶವಿಲ್ಲದೆ ಬೀಳುವ ಪೆಟ್ಟನ್ನು ಕೈಪಿಡಿಯ ವಾಕ್ಯ ತಡೆಯಲಾರದು. ಅಂಥ ಪೆಟ್ಟು ಎಷ್ಟು ಸಲ ಬೀಳುತ್ತದೆ, ಬಿದ್ದರೆ ಎಷ್ಟು ಹಾನಿ ಮಾಡುತ್ತದೆ ಎಂದು ಅಳೆದು ನೋಡುವುದೊಂದೇ ದಾರಿ. ಅಪಾಯದ ಅತಿ ದೊಡ್ಡ ಪಾಲನ್ನು ಎಚ್ಚರಿಕೆಯ ಪುಟಕ್ಕೆ ಸಾಗಿಸಿ, ಉಳಿದ ಪಾಲನ್ನು ಪರೀಕ್ಷಿಸಿ, ಒಟ್ಟಾರೆ ಆಯುಧಕ್ಕೆ ಸುರಕ್ಷಿತವೆಂಬ ಹೆಸರು ಕೊಡುವ ಪದ್ಧತಿಯನ್ನು ನಾನು ಒಪ್ಪಲಾರೆ.

ಇದಕ್ಕೆ ಬೇರೆ ದಾರಿ ಇಲ್ಲದಿರಲಿಲ್ಲ. ಉತ್ತರ ಐರ್ಲೆಂಡಿನಲ್ಲಿ 1972ರಿಂದ 1989ರವರೆಗೆ ರಬ್ಬರ್ ಮತ್ತು ಪ್ಲಾಸ್ಟಿಕ್ ಗುಂಡುಗಳಿಗೆ 17 ಜನ ಬಲಿಯಾಗಿದ್ದರು. ಆ ಕಹಿ ಅನುಭವದ ನಂತರ, ಅಲ್ಲಿನ ಪೊಲೀಸ್ ಸುಧಾರಣೆಯ ಕುರಿತ 1999ರ ಪ್ಯಾಟನ್ ವರದಿಯ ಒತ್ತಾಸೆಯಿಂದ ಬದಲಿ ಆಯುಧಗಳ ಹುಡುಕಾಟ ನಡೆಯಿತು. 2005ರ ಜೂನ್‌ನಲ್ಲಿ ಬಳಕೆಗೆ ಬಂದ ಹೊಸ ಗುಂಡಿನ ಮೂತಿಯಲ್ಲಿ ಒಂದು ಪೊಳ್ಳು ಜಾಗ ಬಿಡಲಾಯಿತು. ತಲೆಬುರುಡೆಯಂಥ ಗಟ್ಟಿ ಜಾಗಕ್ಕೆ ಬಡಿದರೆ ಮೂತಿ ಕುಸಿದು ಪೆಟ್ಟಿನ ತೀವ್ರತೆ ತಗ್ಗಲಿ ಎಂಬುದು ಅದರ ಹಿಂದಿನ ಆಲೋಚನೆ. ಆ ಗುಂಡೂ ನಿರಪಾಯಕಾರಿಯೇನಲ್ಲ. ಆದರೆ ತಲೆಗೂ ಒಂದಲ್ಲ ಒಂದು ದಿನ ತಗುಲಿಯೇ ತಗುಲುತ್ತದೆ ಎಂದು ಒಪ್ಪಿಕೊಂಡು ವಿನ್ಯಾಸ ಮಾಡುವುದು, ತಲೆಗೆ ತಗುಲುವುದೇ ಇಲ್ಲ ಎಂದು ಭಾವಿಸಿ ವಿನ್ಯಾಸ ಮಾಡುವುದಕ್ಕಿಂತ ಪ್ರಾಮಾಣಿಕ.

ಆಮೇಲೆ

ಬೋಸ್ಟನ್ ನಗರ ಆಕೆಯ ಕುಟುಂಬಕ್ಕೆ 51 ಲಕ್ಷ ಡಾಲರ್ ಪರಿಹಾರ ಕೊಡಲು ಒಪ್ಪಿತು. ಆಯುಧ ತಯಾರಿಸಿದ ಕಂಪನಿಯೂ ಮುಂದೆ 2006ರಲ್ಲಿ 1 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. ಯಾರ ಮೇಲೂ ಕ್ರಿಮಿನಲ್ ಮೊಕದ್ದಮೆ ದಾಖಲಾಗಲಿಲ್ಲ. ಬೋಸ್ಟನ್ ಪೊಲೀಸರು ಎಫ್‌ಎನ್ 303ರ ಬಳಕೆಯನ್ನು ಕೈಬಿಟ್ಟರು, ಆದರೆ ಆಯುಧ ಬೇರೆಡೆ ಬಳಕೆಯಲ್ಲಿ ಮುಂದುವರಿಯಿತು.

ಗುಂಪಿನ ಮೇಲೆ ಹಾರಿಸುವ ಇಂಥ ಗುಂಡುಗಳ ಬಗ್ಗೆ 2017ರಲ್ಲಿ ಪ್ರಕಟವಾದ ವೈದ್ಯಕೀಯ ಸಮೀಕ್ಷೆಯೊಂದು ಬೇರೆಬೇರೆ ದೇಶಗಳ 26 ಅಧ್ಯಯನಗಳನ್ನು ಒಟ್ಟುಗೂಡಿಸಿತು. ಗಾಯಗೊಂಡ 1,984 ಜನರಲ್ಲಿ 53 ಮಂದಿ ಸತ್ತಿದ್ದರು, 300 ಮಂದಿಗೆ ಶಾಶ್ವತ ಅಂಗವೈಕಲ್ಯ ಉಂಟಾಗಿತ್ತು. ಸಾವುಗಳಲ್ಲಿ ಹತ್ತಿರಹತ್ತಿರ ಅರ್ಧಕ್ಕೆ, ಶಾಶ್ವತ ವೈಕಲ್ಯಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲಿಗೆ ತಲೆ, ಕುತ್ತಿಗೆಗೆ ಬಿದ್ದ ಪೆಟ್ಟೇ ಕಾರಣ. ಬೋಸ್ಟನ್ನಿನ ಆ ಮೂರು ಪೆಟ್ಟುಗಳನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ಓದಿದರೆ ಅವು ಅಪರೂಪದ ದುರದೃಷ್ಟವಾಗಿ ಕಾಣುವುದಿಲ್ಲ. 2020ರಲ್ಲಿ ಅಮೆರಿಕದಾದ್ಯಂತ ನಡೆದ ಪ್ರತಿಭಟನೆಗಳಲ್ಲಿ ಹಲವರ ಕಣ್ಣು ಹೋದಾಗ ಅಲ್ಲಿನ ನೇತ್ರತಜ್ಞರ ಅಕಾಡೆಮಿ, ಪ್ರತಿಭಟನಾಕಾರರನ್ನು ಚದುರಿಸಲು ರಬ್ಬರ್ ಗುಂಡುಗಳನ್ನು ಬಳಸುವುದನ್ನು ನಿಲ್ಲಿಸಿ ಎಂದು ಬಹಿರಂಗವಾಗಿ ಕೇಳಿಕೊಂಡಿತು.

ಪರೀಕ್ಷೆಯ ವಿಧಾನಗಳೂ ಈ ನಡುವೆ ಬೆಳೆದಿವೆ. ನ್ಯಾಟೋ ದೇಶಗಳು ಚರ್ಮ ಹರಿಯುವುದನ್ನೂ ಎದೆಗೂಡು ಕುಗ್ಗುವ ವೇಗವನ್ನೂ ಅಳೆಯಲು ಸಮಾನ ವಿಧಾನಗಳನ್ನು ರೂಪಿಸಿಕೊಂಡಿವೆ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯ 2020ರ ಮಾರ್ಗದರ್ಶಿ, ಆಯುಧಗಳ ಪರೀಕ್ಷೆ ತಯಾರಕರ ಹೇಳಿಕೆಯನ್ನಷ್ಟೇ ನಂಬಿ ನಿಲ್ಲಬಾರದು ಎನ್ನುತ್ತದೆ. ಇವೆಲ್ಲ ಬೇಕಾದ ಹೆಜ್ಜೆಗಳೇ. ಆದರೂ ಈ ಪ್ರಕರಣವನ್ನು ಓದಿದ ಮೇಲೆ ನಾನು ಕೇಳುವ ಪರೀಕ್ಷೆ ಇನ್ನೂ ಸರಳವಾದದ್ದು. ಬೇರೆಬೇರೆ ಎತ್ತರದ ಗೊಂಬೆಗಳನ್ನು ಗುಂಪಾಗಿ ನಿಲ್ಲಿಸಿ, ಕೆಲವನ್ನು ಚಲಿಸುವಂತೆ ಮಾಡಿ, ಮಬ್ಬು ಬೆಳಕಿನಲ್ಲಿ, ಓಡಿ ಬಂದು ಏದುಸಿರು ಬಿಡುತ್ತಿರುವ ಸಾಮಾನ್ಯ ದರ್ಜೆಯ ಅಧಿಕಾರಿಗಳ ಕೈಗೆ ಮೊದಲು ಹೊಸ ಲಾಂಚರನ್ನೂ ಆಮೇಲೆ 300 ಗುಂಡು ಹಾರಿಸಿದ ಲಾಂಚರನ್ನೂ ಕೊಟ್ಟು, ಒಂದೇ ಗೊಂಬೆಯ ತೊಡೆಗೆ ಗುರಿಯಿಡಲು ಹೇಳಬೇಕು. ಪ್ರತಿ ನೂರು ಗುಂಡಿನಲ್ಲಿ ಎಷ್ಟು ಬೇರೆ ಗೊಂಬೆಗೆ ಹೋದವು, ಎಷ್ಟು ತಲೆಗೆ ತಗುಲಿದವು ಎಂದು ಎಣಿಸಬೇಕು. ಆ ಎಣಿಕೆಯನ್ನು ಮಾರುವವರೂ ಅಲ್ಲದ, ಕೊಳ್ಳುವವರೂ ಅಲ್ಲದ ಮೂರನೆಯವರು ಮಾಡಿ, ಖರೀದಿಯ ಸಹಿ ಬೀಳುವ ಮುಂಚೆಯೇ ನಗರದ ಜನರ ಮುಂದಿಡಬೇಕು.